ಐಸಿಎಫ್ ಮನೆ ದಾವಣಗೆರೆ ಬಿಸಿಲಿಗೆ ಹೊಂದುತ್ತಾ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ದಾವಣಗೆರೆಯ ಶಾಮನೂರು ರಸ್ತೆ ಕಡೆ 30x40 ಸೈಟ್ ಇದೆ, ಪಶ್ಚಿಮಕ್ಕೆ ಮುಖ. ಕೆಳಗೆ ನಾವಿಬ್ಬರು, ಮೇಲೆ ಮಗ ಬಂದಾಗ ಇರಲು ಒಂದು ಮನೆ ಅಂತ ಯೋಚನೆ. ಮಗ ಕೆನಡಾದಲ್ಲಿದ್ದಾನೆ. ಥರ್ಮಾಕೋಲ್ ಅಚ್ಚಿನೊಳಗೆ ಕಾಂಕ್ರೀಟ್ ಸುರಿದು ಕಟ್ಟುವ ಐಸಿಎಫ್ ಮನೆಯಲ್ಲೇ ಅವನ ವಾಸ. ‘ಅಪ್ಪಾ, ಇದನ್ನೇ ಕಟ್ಟಿಸಿ, ಎಸಿ ಬೇಕಾಗಲ್ಲ, ನೂರು ವರ್ಷ ನಿಲ್ಲುತ್ತೆ’ ಅಂತಾನೆ. ನಮ್ಮ ಮೇಸ್ತ್ರಿ ‘ಟಿವಿ ಡಬ್ಬಿಯಲ್ಲಿ ಬರೋ ಥರ್ಮಾಕೋಲ್‌ನಲ್ಲಿ ಮನೆ ಕಟ್ತೀರಾ ಸಾರ್’ ಅಂತ ನಗುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಮಗ ಅಲ್ಲಿ ಕಂಡು ಹೇಳಿದ್ದರಲ್ಲಿ ಸುಳ್ಳಿಲ್ಲ. ಮೇಸ್ತ್ರಿ ನಗಬೇಕಾದ್ದೂ ಇಲ್ಲ. ಆದರೆ ನಿಮ್ಮ ಸೈಟಿಗೆ ನನ್ನ ಮಾತು ಇಷ್ಟು: ಮೊದಲ ದುಡ್ಡು ತಾರಸಿಗೆ ಹಾಕಿ. ಎರಡನೆಯದು ಪಶ್ಚಿಮದ ಕಿಟಕಿಗೆ. ಗೋಡೆಯದು ಮೂರನೆಯ ಸರದಿ. ಈ ಸಾಲು ತಪ್ಪಿದರೆ ಎಷ್ಟು ಒಳ್ಳೆಯ ಗೋಡೆ ಕಟ್ಟಿದರೂ ಏಪ್ರಿಲ್‌ನಲ್ಲಿ ಮೇಲಿನ ಕೋಣೆಯಲ್ಲಿ ಮಲಗಲು ಆಗುವುದಿಲ್ಲ.

ಮೊದಲು ಮೇಸ್ತ್ರಿಯ ಅನುಮಾನ ಬಗೆಹರಿಸೋಣ. ಐಸಿಎಫ್ ಮನೆಯನ್ನು ಹೊತ್ತು ನಿಲ್ಲುವುದು ಥರ್ಮಾಕೋಲ್ ಅಲ್ಲ, ಕಾಂಕ್ರೀಟ್. ಎರಡು ಪಕ್ಕ ಸುಮಾರು ಎರಡೂವರೆ ಇಂಚು ದಪ್ಪದ ಗಟ್ಟಿ ಥರ್ಮಾಕೋಲ್ ಹಲಗೆ. ನಡುವೆ ಆರು ಇಂಚು ಖಾಲಿ ಜಾಗ. ಎರಡೂ ಹಲಗೆಯನ್ನು ಪ್ಲಾಸ್ಟಿಕ್ ಪಟ್ಟಿಗಳು ಹಿಡಿದಿರುತ್ತವೆ. ಮಕ್ಕಳ ಆಟದ ಬ್ಲಾಕ್ ಥರ ಒಂದರ ಮೇಲೊಂದು ಕೂರಿಸಿ, ಒಳಗೆ ಅಡ್ಡ-ಉದ್ದ ಕಂಬಿ ಕಟ್ಟಿ, ಮೇಲಿನಿಂದ ಕಾಂಕ್ರೀಟ್ ಸುರಿಯುತ್ತಾರೆ. ನಮ್ಮಲ್ಲಿ ಸೆಂಟ್ರಿಂಗ್ ಹಲಗೆಯನ್ನು ಆಮೇಲೆ ಬಿಚ್ಚುತ್ತೇವೆ. ಅಲ್ಲಿ ಅದು ಗೋಡೆಯಲ್ಲೇ ಉಳಿದು ಬಿಸಿ ತಡೆಯುವ ಕೆಲಸ ಮಾಡುತ್ತದೆ. ಇದೇನು ನಿನ್ನೆ ಮೊನ್ನೆಯ ಕಲ್ಪನೆಯೂ ಅಲ್ಲ. 1960ರ ದಶಕದಲ್ಲಿ ಕೆನಡಾದ ಗುತ್ತಿಗೆದಾರ ವರ್ನರ್ ಗ್ರೆಗೋರಿ ಇದಕ್ಕೆ ಪೇಟೆಂಟ್ ಮಾಡಿಸಿದ್ದರು. ಅಚ್ಚನ್ನು ಗೋಡೆಯಲ್ಲೇ ಬಿಡುವ ಪದ್ಧತಿ ನಮ್ಮ ದೇಶಕ್ಕೂ ಬಂದಿದೆ. 2021ರ ಜನವರಿ 1ರಂದು ಆರು ಊರುಗಳಲ್ಲಿ ಶುರುವಾದ ಕೇಂದ್ರದ ಲೈಟ್ ಹೌಸ್ ಯೋಜನೆಯಲ್ಲಿ ಲಖನೌದ ಮನೆಗಳಿಗೆ ಪಿವಿಸಿ ಅಚ್ಚು ಬಳಸಿದ್ದರು. ಅದು ಐಸಿಎಫ್‌ನ ದಾಯಾದಿ ಅನ್ನಬಹುದು.

ಈಗ ಲೆಕ್ಕಕ್ಕೆ ಬರೋಣ. ನೀವು ಪಾಠ ಮಾಡಿದವರು, ಲೆಕ್ಕ ಬಿಡಿಸಿ ಹೇಳಿದರೆ ಬೇಸರ ಆಗಲ್ಲ ಅಂದುಕೊಳ್ಳುತ್ತೇನೆ.

ನಿಮ್ಮ ಮೇಲಿನ ಅಂತಸ್ತಿನ ಒಂದೇ ಒಂದು ಕೋಣೆ ತೆಗೆದುಕೊಳ್ಳಿ. 12 ಅಡಿಗೆ 14 ಅಡಿ. 14 ಅಡಿಯ ಗೋಡೆ ಪಶ್ಚಿಮಕ್ಕಿದೆ, ಅದರಲ್ಲಿ ನಾಲ್ಕಡಿಗೆ ನಾಲ್ಕಡಿಯ ಒಂದು ಕಿಟಕಿ. ಏಪ್ರಿಲ್ ತಿಂಗಳು, ಮಧ್ಯಾಹ್ನ ನಾಲ್ಕು ಗಂಟೆ. ತಾರಸಿಯ ಮೇಲ್ಮೈ 60 ಡಿಗ್ರಿ ಮುಟ್ಟಿರುತ್ತದೆ, ಬರಿಗಾಲಲ್ಲಿ ಹತ್ತಿದವರಿಗೆ ಗೊತ್ತು. ಕೋಣೆಯೊಳಗೆ 32 ಇದೆ ಅಂತಿಟ್ಟುಕೊಳ್ಳಿ. ಐದು ಇಂಚಿನ ಬರೀ ಆರ್‌ಸಿಸಿ ತಾರಸಿಯಿಂದ ಆ ಹೊತ್ತಿಗೆ ಸುಮಾರು 1400 ವ್ಯಾಟ್ ಬಿಸಿ ಕೋಣೆಗೆ ಇಳಿಯುತ್ತದೆ. ಇಸ್ತ್ರಿ ಪೆಟ್ಟಿಗೆ ಒಂದೂವರೆಯಷ್ಟನ್ನು ಛಾವಣಿಗೆ ತಿರುವಿ ಹಾಕಿ, ಸ್ವಿಚ್ ಆರಿಸದೆ ಬಿಟ್ಟ ಹಾಗೆ. ಆ ಪುಟ್ಟ ಕಿಟಕಿಯ ಗಾಜಿನಿಂದ ಇಳಿಬಿಸಿಲು ನೇರ ಒಳಗೆ ಬಂದರೆ ಇನ್ನೊಂದು 700 ವ್ಯಾಟ್. ಗೋಡೆ? ಗೋಡೆಯ ಹೊರಮೈ ಒಳಗಿಗಿಂತ 18 ಡಿಗ್ರಿ ಜಾಸ್ತಿ ಕಾದಿದ್ದರೆ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಿಂದ 430 ವ್ಯಾಟ್ ಆಸುಪಾಸು. ಆರು ಇಂಚಿನ ಸಿಮೆಂಟ್ ಬ್ಲಾಕ್ ಆದರೆ 650 ದಾಟುತ್ತದೆ. ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಸಿಮೆಂಟ್ ಬ್ಲಾಕ್, ಅಂದರೆ ಎಎಸಿ ಬ್ಲಾಕ್, ಎಂಟು ಇಂಚಿನದಾದರೆ 160. ಐಸಿಎಫ್ ಆದರೆ ಬರೀ 60.

ಇದು ಒಂದು ಹೊತ್ತಿನ ಅಂದಾಜು, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೆಚ್ಚುಕಮ್ಮಿ ಆಗುತ್ತದೆ. ಆದರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಅನ್ನುವುದು ಬದಲಾಗುವುದಿಲ್ಲ. ಐಸಿಎಫ್ ಗೋಡೆ ಕಟ್ಟಿ ತಾರಸಿಯನ್ನು ಬರಿದೇ ಬಿಟ್ಟರೆ 370 ವ್ಯಾಟ್ ಉಳಿಸಿ 1400 ವ್ಯಾಟನ್ನು ಹಾಗೇ ಒಳಗೆ ಬಿಟ್ಟುಕೊಂಡ ಹಾಗಾಯಿತು. ಅದೇ ತಾರಸಿಯ ಮೇಲೆ ಎರಡು ಇಂಚು ದಪ್ಪದ ಎಕ್ಸ್‌ಪಿಎಸ್ ಹಲಗೆ (ಥರ್ಮಾಕೋಲ್ ಜಾತಿಯದೇ, ಆದರೆ ಇನ್ನೂ ಗಟ್ಟಿ) ಹಾಸಿದರೆ 1400 ಇದ್ದದ್ದು 250ರ ಒಳಗೆ ಬರುತ್ತದೆ. ಇಂಧನ ಉಳಿತಾಯ ನೋಡಿಕೊಳ್ಳುವ ಕೇಂದ್ರದ ಬಿಇಇ ಸಂಸ್ಥೆ 2018ರಲ್ಲಿ ಮನೆಗಳಿಗಂತಲೇ ಇಕೋ ನಿವಾಸ ಸಂಹಿತೆ ಅನ್ನುವ ನಿಯಮಾವಳಿ ತಂದಿತು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರ್ ತಾರಸಿ 1.2 ವ್ಯಾಟ್‌ಗಿಂತ ಜಾಸ್ತಿ ಬಿಸಿ ಬಿಡಬಾರದು ಅನ್ನುತ್ತದೆ ಅದು. ನಮ್ಮ ಬರೀ ತಾರಸಿ ಮೂರು ವ್ಯಾಟ್ ದಾಟಿ ಬಿಡುತ್ತದೆ.

ಹಾಗಾದರೆ ಮಗನಿಗೆ ಅಲ್ಲಿ ಅಷ್ಟು ಚೆನ್ನಾಗಿ ಆಗಿಬಂದಿದ್ದು ಯಾಕೆ? ಕೆನಡಾದ ಚಳಿಗಾಲದಲ್ಲಿ ಹೊರಗೆ ಸೊನ್ನೆಗಿಂತ 25 ಡಿಗ್ರಿ ಕೆಳಗೆ, ಒಳಗೆ 21. ವ್ಯತ್ಯಾಸ 46 ಡಿಗ್ರಿ. ಅದೂ ಹಗಲು ರಾತ್ರಿ ಎನ್ನದೆ, ದಿನಗಟ್ಟಲೆ. ಅಲ್ಲಿ ಗೋಡೆಯಿಂದ ಸೋರುವ ಪ್ರತಿ ವ್ಯಾಟೂ ಹೀಟರ್ ಬಿಲ್ಲಿಗೆ ಬರುತ್ತದೆ. ನಮ್ಮಲ್ಲಿ ಬಿಸಿಲು ಸಂಜೆ ಆರಕ್ಕೆ ಹೋಗುತ್ತದೆ. ಬೇಸಿಗೆಯಲ್ಲೂ ಬೆಳಗಿನ ಜಾವಕ್ಕೆ ಹೊರಗಿನ ಗಾಳಿ 22–24 ಡಿಗ್ರಿಗೆ ಇಳಿಯುತ್ತದೆ. ಬಯಲುಸೀಮೆಗೆ ದೇವರು ಕೊಟ್ಟ ವರ ಅದು. ಕರಾವಳಿಯವರಿಗೆ ಬೇಸಿಗೆಯಲ್ಲಿ ಈ ಸುಖ ಇಲ್ಲ.

ಆ ತಂಪನ್ನು ಒಳಗೆ ಕರೆದುಕೊಳ್ಳುವುದು ಹೇಗೆ ಅನ್ನುವುದರಲ್ಲೇ ಐಸಿಎಫ್‌ನ ಗುಣವೂ ಇದೆ, ದೋಷವೂ ಇದೆ. ಚಿತ್ರದುರ್ಗದ ಕೋಟೆಗೆ ಸಂಜೆ ಹೊತ್ತು ಹೋಗಿ ಬಂಡೆ ಮೇಲೆ ಕೂತು ನೋಡಿ. ಸೂರ್ಯ ಮುಳುಗಿದ ಮೇಲೂ ಬಂಡೆ ಸುಡುತ್ತಿರುತ್ತದೆ. ಅಲ್ಲೇ ಚಂದ್ರವಳ್ಳಿಯ ಗುಹೆಯೊಳಗೆ ಇಳಿದರೆ ಮಧ್ಯಾಹ್ನವೂ ತಂಪು. ಎರಡೂ ಕಲ್ಲೇ. ಒಂದು ಬಿಸಿಲಿಗೆ ಮೈ ಒಡ್ಡಿದೆ, ಇನ್ನೊಂದಕ್ಕೆ ಮರೆ ಇದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳೇ ಮಾಳಿಗೆ ಮನೆಗಳೂ ಹೀಗೇ. ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಚೌಳು ಮಣ್ಣಿನ ಮಾಳಿಗೆ, ನೆತ್ತಿಗೊಂದು ಬೆಳಕಿಂಡಿ. ಹಗಲಿನ ಬಿಸಿ ಒಳಗೆ ಮುಟ್ಟುವ ಹೊತ್ತಿಗೆ ರಾತ್ರಿ ಆಗಿರುತ್ತಿತ್ತು. ಅಷ್ಟರಲ್ಲಿ ಮನೆಯವರೆಲ್ಲ ಅಂಗಳದಲ್ಲೋ ಮಾಳಿಗೆ ಮೇಲೋ ಹಾಸಿಗೆ ಹಾಕಿರುತ್ತಿದ್ದರು!

ಐಸಿಎಫ್‌ನಲ್ಲಿ ಭಾರದ ಕಾಂಕ್ರೀಟ್ ಇದೆ, ಆದರೆ ಅದು ಎರಡು ಥರ್ಮಾಕೋಲ್ ನಡುವೆ ಅವಿತಿದೆ. ಹೊರಗಿನ ಬಿಸಿ ಅದನ್ನು ಮುಟ್ಟುವುದಿಲ್ಲ, ಸರಿ. ರಾತ್ರಿ ಕಿಟಕಿಯಿಂದ ಬಂದ ತಂಗಾಳಿಯೂ ಅದನ್ನು ಮುಟ್ಟುವುದಿಲ್ಲ. ಮನೆ ಒಂದು ಹಾಟ್‌ಬಾಕ್ಸ್ ಆಗುತ್ತದೆ. ಹಾಟ್‌ಬಾಕ್ಸಿಗೆ ಬಿಸಿ ರೊಟ್ಟಿ ಹಾಕಿದರೆ ಬಿಸಿಯಾಗೇ ಇರುತ್ತದೆ, ಐಸ್ ಹಾಕಿದರೆ ಐಸಾಗೇ ಇರುತ್ತದೆ. ಗಾಜಿನಿಂದ ಬಂದ ಬಿಸಿಲು, ಅಡುಗೆಮನೆಯ ಶಾಖ, ಫ್ರಿಜ್ಜಿನ ಬಿಸಿ, ನಮ್ಮ ಮೈಶಾಖ ಎಲ್ಲ ಒಳಗೇ ಉಳಿದರೆ ರಾತ್ರಿ ಇಟ್ಟಿಗೆ ಮನೆಗಿಂತ ಜಾಸ್ತಿ ಕಷ್ಟ ಆಗಬಹುದು. ಹಾಗಾಗಿ ಎಸಿ ಹಾಕುವ ಮನೆಗೆ ಐಸಿಎಫ್ ಬಹಳ ಚೆನ್ನಾಗಿ ಹೊಂದುತ್ತದೆ. ಒಂದು ಸಲ ತಂಪಾದರೆ ಎಸಿ ಆರಿಸಿದರೂ ಗಂಟೆಗಟ್ಟಲೆ ತಂಪು ಉಳಿಯುತ್ತದೆ. ಎಸಿ ಇಲ್ಲದೆ ಕಿಟಕಿ ತೆರೆದು ಬದುಕುವ ಮನೆಗೆ ರಾತ್ರಿಯ ಗಾಳಿಗೆ ದಾರಿ ಮಾಡದೆ ಐಸಿಎಫ್ ಕಟ್ಟಲೇಬಾರದು. ಮೆಟ್ಟಿಲ ಕೋಣೆಯ ನೆತ್ತಿಯಲ್ಲಿ ತೆರೆಯಬಹುದಾದ ಕಿಂಡಿ, ಕೆಳಗಿನ ಕಿಟಕಿಗಳಿಗೆ ಸೊಳ್ಳೆ ಜಾಲರಿ, ಕಳ್ಳರ ಭಯವಿಲ್ಲದೆ ರಾತ್ರಿ ತೆರೆದಿಡಬಹುದಾದ ಗ್ರಿಲ್. ಇಷ್ಟಿದ್ದರೆ ಬಿಸಿಗಾಳಿ ಮೇಲಿಂದ ಹೋಗಿ ತಂಗಾಳಿ ಕೆಳಗಿಂದ ಬರುತ್ತದೆ. ಬೆಳಗ್ಗೆ ಎಂಟಕ್ಕೆ ಎಲ್ಲ ಮುಚ್ಚಿ ಪರದೆ ಎಳೆಯಬೇಕು. ನಮ್ಮ ಅಜ್ಜಿಯಂದಿರು ಮಾಡುತ್ತಿದ್ದದ್ದೂ ಇದೇ.

ಮಗ ‘ನೂರು ವರ್ಷ ನಿಲ್ಲುತ್ತೆ’ ಅಂದದ್ದರ ಬಗ್ಗೆ. ನಿಜವಾಗಿಯೂ ಗಟ್ಟಿ. ಅಮೆರಿಕದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಸುಂಟರಗಾಳಿಗೆ ಹಾರಿಬರುವ ವಸ್ತುಗಳ ಲೆಕ್ಕದಲ್ಲಿ ಸುಮಾರು ಏಳು ಕಿಲೋ ತೂಕದ ಮರದ ತುಂಡನ್ನು ಗಂಟೆಗೆ 160 ಕಿ.ಮೀ. ವೇಗದಲ್ಲಿ ಇಂಥ ಗೋಡೆಗೆ ಹೊಡೆದು ನೋಡಿದ್ದಾರೆ. ಗೋಡೆ ದಾಟಿ ಒಳಗೆ ಬರಲಿಲ್ಲ. ಆದರೆ ನಮಗೆ ಸುಂಟರಗಾಳಿಯ ಭಯ ಅಷ್ಟಿಲ್ಲ. ಭೂಕಂಪದ ನಕ್ಷೆಯಲ್ಲೂ ದಾವಣಗೆರೆ, ಚಿತ್ರದುರ್ಗ ಎರಡೂ ಕಡಿಮೆ ಅಪಾಯದ ಎರಡನೇ ವಲಯದಲ್ಲಿವೆ. ಭೂಕಂಪಕ್ಕೆ ಹೆದರಿ ಐಸಿಎಫ್‌ಗೆ ಹೆಚ್ಚಿನ ದುಡ್ಡು ಕೊಡಬೇಡಿ. ನಮ್ಮ ಊರಿನ ತೊಂದರೆಗಳು ಬೇರೆ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಗುವುದು ಒಂದು. ನೀರಿಲ್ಲದಿರುವುದು ಇನ್ನೊಂದು.

ನೀರಿನ ವಿಚಾರದಲ್ಲಿ ಐಸಿಎಫ್ ನನಗೆ ತುಂಬಾ ಹಿಡಿಸಿತು. ಮಾಮೂಲಿ ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಆದರೆ ಹತ್ತು ದಿನ ನೀರು ಹೊಡೆಯಲೇಬೇಕು. ಬೋರ್ ಬತ್ತಿದ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ ಕ್ಯೂರಿಂಗ್ ಮಾಡಿಸಿದವರ ಸಂಕಟ ಚಿತ್ರದುರ್ಗದ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಎರಡು ದಿನ ನೀರು ಹೊಡೆದು ಮೂರನೇ ದಿನ ಕೈಬಿಟ್ಟ ಎಷ್ಟೋ ಗೋಡೆಗಳನ್ನು ನಾನೇ ನೋಡಿದ್ದೇನೆ. ಐಸಿಎಫ್‌ನಲ್ಲಿ ಎರಡೂ ಕಡೆ ಥರ್ಮಾಕೋಲ್ ಇರುವುದರಿಂದ ಕಾಂಕ್ರೀಟಿನ ತೇವ ಒಳಗೇ ನಿಲ್ಲುತ್ತದೆ. ಮೇಲಿನ ತೆರೆದ ಅಂಚನ್ನು ಒದ್ದೆ ಗೋಣಿಚೀಲದಿಂದ ಮುಚ್ಚಿದರೆ ಸಾಕು, ತನಗೆ ತಾನೇ ಹದವಾಗಿ ಗಟ್ಟಿಯಾಗುತ್ತದೆ.

ಇನ್ನು ಕಷ್ಟದ ಭಾಗ. ಐಸಿಎಫ್‌ನಲ್ಲಿ ಎಲ್ಲ ಕೆಲಸವೂ ಕಾಂಕ್ರೀಟ್ ಸುರಿಯುವ ಆ ಒಂದು ದಿನದ ಮೇಲೆ ನಿಂತಿದೆ. ಹಸಿ ಕಾಂಕ್ರೀಟ್ ನೀರಿನ ಹಾಗೆ ಪಕ್ಕಕ್ಕೆ ಒತ್ತುತ್ತದೆ. ಮೂರು ಮೀಟರ್ ಎತ್ತರದ ಗೋಡೆಗೆ ಒಂದೇ ಸಲ ಸುರಿದರೆ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು ಏಳೂವರೆ ಟನ್ ಒತ್ತಡ. ಥರ್ಮಾಕೋಲ್ ಹಲಗೆ, ಪ್ಲಾಸ್ಟಿಕ್ ಪಟ್ಟಿ ಇದನ್ನು ತಡೆಯಬೇಕು.

ಕೆಲವು ವರ್ಷದ ಹಿಂದೆ ಚಿತ್ರದುರ್ಗದ ಹೊರಗೆ ಒಂದು ತೋಟದ ಮನೆಗೆ ಐಸಿಎಫ್ ಮಾಡಿಸಿದೆ. ಅಚ್ಚು ಕೊಟ್ಟವರು ತರಬೇತಿಯವರನ್ನು ಕಳಿಸುತ್ತೇವೆ ಅಂದಿದ್ದರು, ಕಳಿಸಲಿಲ್ಲ. ಪಂಪ್ ಆಗಲೇ ಬಂದು ನಿಂತಿತ್ತು. ಕಾಯಬೇಕಿತ್ತು, ಕಾಯಲಿಲ್ಲ. ಅದು ನನ್ನ ತಪ್ಪು. ಪಂಪಿನವನು ಬಾಡಿಗೆ ಏರುತ್ತದೆ ಅಂತ ಅವಸರ ಮಾಡಿದ. ಮೂರಡಿ ಸುರಿದು ಗೋಡೆ ಸುತ್ತ ಒಂದು ಸುತ್ತು ಬರಬೇಕಾದವನು ಒಂದೇ ಜಾಗದಲ್ಲಿ ಆರಡಿ ತುಂಬಿಸಿದ. ಕಿಟಕಿಯ ಕೆಳಮೂಲೆಯಲ್ಲಿ ಥರ್ಮಾಕೋಲ್ ಕಿರ್ ಕಿರ್ ಅನ್ನತೊಡಗಿತು. ಜೋಡಣೆಯ ಗೆರೆಯಲ್ಲಿ ಬೂದು ಬಣ್ಣದ ಹಾಲು ಒಸರಿತು. ನಾನು ‘ನಿಲ್ಲಿಸಿ’ ಅಂತ ಕೂಗುವಷ್ಟರಲ್ಲಿ ಎರಡಡಿ ಅಗಲದ ಹಲಗೆ ಹೊಟ್ಟೆ ಬಂದ ಹಾಗೆ ಉಬ್ಬಿ ಒಡೆಯಿತು. ಕಾಲಮೇಲೆಲ್ಲ ಕಾಂಕ್ರೀಟ್. ಗಾರೆ ಕೆಲಸದ ಹುಡುಗ ಬೆನ್ನು ಕೊಟ್ಟು ಹಲಗೆ ಒತ್ತಿ ಹಿಡಿದ, ಇನ್ನೊಬ್ಬ ಪ್ಲೈವುಡ್ ತಂದು ಸ್ಕ್ರೂ ಹೊಡೆದ. ಗೋಡೆ ಉಳಿಯಿತು. ಆದರೆ ಆ ಜಾಗದಲ್ಲಿ ಒಂದು ಇಂಚು ಉಬ್ಬು ಈಗಲೂ ಇದೆ. ಪ್ಲಾಸ್ಟರ್ ಅಡಿ ಮುಚ್ಚಿದ್ದೇವೆ, ಪಕ್ಕದ ಬೆಳಕಿನಲ್ಲಿ ನೋಡಿದರೆ ಕಾಣುತ್ತದೆ.

ಅಂದಿನಿಂದ ನನ್ನ ನಿಯಮ ಸರಳ. ಒಂದು ಗಂಟೆಗೆ ಮೂರು-ನಾಲ್ಕು ಅಡಿಗಿಂತ ಜಾಸ್ತಿ ಏರಿಸಬಾರದು. 12 ಮಿ.ಮೀ.ಗಿಂತ ದಪ್ಪ ಜಲ್ಲಿ ಬೇಡ. ವೈಬ್ರೇಟರಿನ ಸೂಜಿ ಒಂದು ಇಂಚಿನದು ಸಾಕು, ಅದನ್ನು ಅದ್ದಿ ಕೂಡಲೇ ಎತ್ತಬೇಕು. ಕಿಟಕಿಯ ಅಡಿ, ಮೂಲೆ, ಬಾಗಿಲ ಪಕ್ಕ ಈ ಮೂರು ಕಡೆ ಮುಂಚೆಯೇ ಪ್ಲೈವುಡ್ ಬಿಗಿದಿರಬೇಕು. ಪೂರ್ತಿ ಕೆಲಸ ಮೊದಲೊಮ್ಮೆ ಮಾಡಿದ ಒಬ್ಬನಾದರೂ ಜಾಗದಲ್ಲಿ ಇರಲೇಬೇಕು. ಅವನು ಸಿಗದಿದ್ದರೆ ಐಸಿಎಫ್ ಬೇಡ. ಇದರಲ್ಲಿ ರಾಜಿ ಇಲ್ಲ.

ಇನ್ನೊಂದು ಮಾತು, ದುಡ್ಡಿನದು. ನಮ್ಮ ಕಡೆ ಮನೆ ಅಂದರೆ ಕಾಲಂ, ಬೀಮ್ ಹಾಕಿ ನಡುವೆ ಗೋಡೆ ತುಂಬುವುದು ಅಭ್ಯಾಸ. ಐಸಿಎಫ್ ಗೋಡೆಯೇ ಭಾರ ಹೊರುತ್ತದೆ, ಕಾಲಂ ಬೇಕಿಲ್ಲ. ಧೈರ್ಯಕ್ಕೆ ಅಂತ ಕಾಲಂ ಹಾಕಿ ಮೇಲೆ ಐಸಿಎಫ್ ಗೋಡೆ ಕಟ್ಟಿಸಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಟ್ಟಂತೆ. ನಿಮ್ಮ ಅಳತೆಗೆ ಎರಡು ಅಂತಸ್ತಿನ ಹೊರಗೋಡೆಗೆ ಸುಮಾರು 27 ಘನ ಮೀಟರ್ ಕಾಂಕ್ರೀಟ್, ಅಂದರೆ 180 ಚೀಲದ ಆಸುಪಾಸು ಸಿಮೆಂಟ್ ಬೇಕು. ಇದರ ಜೊತೆಗೆ ಕಂಬಿ, ಪಂಪ್, ಅಚ್ಚಿನ ಸಾಗಣೆ. ಕಾಲಂ ಬೀಮ್ ಬಿಟ್ಟದ್ದರಿಂದ ಉಳಿಯುವುದನ್ನು ಕಳೆದು ಲೆಕ್ಕ ನೋಡಿ. ದರ ಕೇಳುವಾಗ ಬ್ಲಾಕಿನ ದರ ಕೇಳಬೇಡಿ. ಎರಡೂ ಕಡೆ ಪ್ಲಾಸ್ಟರ್ ಆದ ಗೋಡೆಗೆ ಚದರಡಿಗೆ ಎಷ್ಟು ಅಂತ ಕೇಳಿ.

ಪ್ಲಾಸ್ಟರ್ ಯಾಕೆ ಅಂದರೆ, ಮಾಮೂಲಿ ಸಿಮೆಂಟ್ ಗಾರೆ ಥರ್ಮಾಕೋಲ್‌ಗೆ ಹಿಡಿಯುವುದಿಲ್ಲ. ಪಾಲಿಮರ್ ಸೇರಿಸಿದ ಅಂಟುಗಾರೆ, ಅದರಲ್ಲಿ ಫೈಬರ್ ಗ್ಲಾಸ್ ಜಾಲರಿ ಕೂರಿಸಿ ಬಳಿಯಬೇಕು. ಒಳಗಡೆ ಥರ್ಮಾಕೋಲನ್ನು ಬರಿದೇ ಬಿಡುವ ಹಾಗೇ ಇಲ್ಲ. ಬೆಂಕಿ ಬಿದ್ದರೆ ಕರಗಿ ಹೊಗೆ ಬರುತ್ತದೆ. ಕನಿಷ್ಠ ಅರ್ಧ ಇಂಚಿನ ಜಿಪ್ಸಂ ಬೋರ್ಡ್ ಅಥವಾ ಪ್ಲಾಸ್ಟರ್ ಮುಚ್ಚಿರಬೇಕು. ಬೆಂಕಿ ಹರಡದ ದರ್ಜೆಯ ಥರ್ಮಾಕೋಲೇ ಬೇಕು ಅಂತ ಬರೆಸಿಕೊಳ್ಳಿ. ಬಾಗಿಲಿಗೆ ಪಾಲಿಶ್ ಮಾಡುವವರು ಥಿನ್ನರ್ ಡಬ್ಬಿಯನ್ನು ಗೋಡೆ ಪಕ್ಕ ಇಡದಂತೆ ನೋಡಿಕೊಳ್ಳಿ. ಥಿನ್ನರ್, ಪೆಟ್ರೋಲ್ ತಾಗಿದರೆ ಥರ್ಮಾಕೋಲ್ ಬೆಲ್ಲದ ಹಾಗೆ ಕರಗಿಹೋಗುತ್ತದೆ. ಒಂದು ಚೂರನ್ನು ಲೋಟದಲ್ಲಿ ಹಾಕಿ ಮೇಸ್ತ್ರಿಗೂ ತೋರಿಸಿ.

ಗೆದ್ದಲಿನ ಬಗ್ಗೆಯೂ ಹುಷಾರು. ಗೆದ್ದಲು ಥರ್ಮಾಕೋಲ್ ತಿನ್ನುವುದಿಲ್ಲ, ಆದರೆ ಅದರಲ್ಲಿ ಕೊರೆದುಕೊಂಡು ಯಾರ ಕಣ್ಣಿಗೂ ಬೀಳದೆ ಬಾಗಿಲ ಚೌಕಟ್ಟಿಗೆ ಹತ್ತುತ್ತದೆ. ಪಾಯಕ್ಕೆ ಔಷಧಿ ಹೊಡೆಸಿ. ನೆಲದಿಂದ ಆರು ಇಂಚು ಬರೀ ಕಾಂಕ್ರೀಟ್ ಕಾಣುವ ಹಾಗೆ ಬಿಟ್ಟು ಮೇಲಿನಿಂದ ಥರ್ಮಾಕೋಲ್ ಶುರುಮಾಡಿ. ಹುತ್ತದ ಗೆರೆ ಬಂದರೆ ಅಲ್ಲೇ ಕಾಣುತ್ತದೆ.

ಪಿ.ಬಿ. ರಸ್ತೆಯಂಥ ಗದ್ದಲದ ಜಾಗದಲ್ಲಿ ಐಸಿಎಫ್ ಸದ್ದನ್ನೂ ಚೆನ್ನಾಗಿ ತಡೆಯುತ್ತದೆ. ನಿಮ್ಮದು ಒಳರಸ್ತೆಯಾದರೆ ಅದು ದೊಡ್ಡ ವಿಷಯವಲ್ಲ.

ಹಾಗಾದರೆ ನಿಮಗೆ ನಾನು ಏನು ಹೇಳುತ್ತೇನೆ? ನೀವಿಬ್ಬರೂ ಕೆಳಗಿರುವವರು. ಮೇಲಿನ ಮನೆಗೆ ವರ್ಷದಲ್ಲಿ ಕೆಲವೇ ವಾರ ಜನ. ಇಬ್ಬರಿಗೂ ಎಸಿ ಅಭ್ಯಾಸ ಇಲ್ಲದಿದ್ದರೆ, ಹೊರಗೋಡೆಗೆ ಎಂಟು ಇಂಚಿನ ಎಎಸಿ ಬ್ಲಾಕ್ ಹಾಕಿ, ಒಳಗೋಡೆಗಳಿಗೆ ಇಟ್ಟಿಗೆಯೇ ಇರಲಿ. ಒಳಗಿನ ಇಟ್ಟಿಗೆ ರಾತ್ರಿಯ ತಂಪು ಕುಡಿದು ಹಗಲು ಕೊಡುತ್ತದೆ. ಆಗಲೇ ಹೇಳಿದ ಲೆಕ್ಕದಲ್ಲಿ ಎಎಸಿಗೂ ಐಸಿಎಫ್‌ಗೂ ಒಂದು ಕೋಣೆಗೆ ನೂರು ವ್ಯಾಟ್ ವ್ಯತ್ಯಾಸ. ಒಂದು ಹಳೇ ಬಲ್ಬಿನಷ್ಟು. ಎಎಸಿ ಕಟ್ಟುವ ಕೈ ದಾವಣಗೆರೆಯಲ್ಲಿ ಬೇಕಾದಷ್ಟಿದೆ. ಉಳಿದ ದುಡ್ಡಲ್ಲಿ ತಾರಸಿಗೆ ಮೊದಲು ವಾಟರ್‌ಪ್ರೂಫಿಂಗ್, ಅದರ ಮೇಲೆ ಎರಡು ಇಂಚು ಎಕ್ಸ್‌ಪಿಎಸ್, ಮೇಲೆ ಇಳಿಜಾರು ಕಾಂಕ್ರೀಟ್, ಅದಕ್ಕೆ ಬಿಳಿ ಟೈಲ್ಸ್ ಚೂರು. ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಇನ್ನೂ ಒಳ್ಳೆಯದು, ಪ್ಯಾನೆಲ್ ತಾರಸಿಗೆ ಚಪ್ಪರವೂ ಆಗುತ್ತದೆ. 3 ಕಿಲೋವ್ಯಾಟ್‌ಗೆ ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಇದೆ.

ಮಗ ಮುಂದೆ ಇಲ್ಲೇ ಬಂದು ಇರುವವನಾದರೆ, ಮೇಲೆ ಎಸಿ ದಿನವೂ ಓಡುವುದಾದರೆ, ಅನುಭವದ ತಂಡವೂ ಸಿಕ್ಕರೆ, ಐಸಿಎಫ್ ಕಟ್ಟಿಸಿ. ನಾನೇ ಮುಂದೆ ನಿಂತು ಮಾಡಿಸುತ್ತೇನೆ. ಅದನ್ನು ಕೀಳುಗಳೆಯುವ ಮಾತು ನನ್ನದಲ್ಲ.

ಪಶ್ಚಿಮದ ಕಿಟಕಿ ಮಾತ್ರ ಎರಡರಲ್ಲೂ ಮರೆಯಬೇಡಿ. ಎರಡಡಿ ಸಜ್ಜಾ ಸಂಜೆ ನಾಲ್ಕರ ಇಳಿಬಿಸಿಲನ್ನು ತಡೆಯುವುದಿಲ್ಲ, ಬಿಸಿಲು ಸಜ್ಜಾದ ಕೆಳಗಿಂದಲೇ ನುಗ್ಗುತ್ತದೆ. ಒಳಗೆ ಪರದೆ ಎಳೆದರೂ ಬಿಸಿ ಆಗಲೇ ಗಾಜು ದಾಟಿರುತ್ತದೆ. ಮರೆ ಹೊರಗಡೆ ಇರಬೇಕು. ಬಿದಿರಿನ ತಟ್ಟಿ, ನಿಲುವಿನ ಪಟ್ಟಿ, ಹಬ್ಬಿಸಿದ ಬಳ್ಳಿ ಯಾವುದಾದರೂ ಸರಿ.

ಈಗಿರುವ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ರಾತ್ರಿ ಒಂಬತ್ತಕ್ಕೆ ಪಶ್ಚಿಮದ ಗೋಡೆಯ ಒಳಮೈಗೆ ಅಂಗೈ ಇಡಿ. ಆಮೇಲೆ ಸ್ಟೂಲ್ ಹತ್ತಿ ಛಾವಣಿಗೆ ಇಡಿ. ಎರಡರಲ್ಲಿ ಯಾವುದು ಜಾಸ್ತಿ ಬೆಚ್ಚಗಿದೆ ಅಂತ ಮಗನಿಗೆ ಫೋನಿನಲ್ಲಿ ಹೇಳಿ. ಮತ್ತೆ ನಿಮ್ಮ ನಕ್ಷೆ ಇನ್ನೂ ಪಾಸಾಗಿಲ್ಲದಿದ್ದರೆ ನನಗೊಮ್ಮೆ ಕಳಿಸಿ. ಮೆಟ್ಟಿಲು, ಬಚ್ಚಲು, ಉಗ್ರಾಣವನ್ನು ಪಶ್ಚಿಮದ ಪಕ್ಕಕ್ಕೆ ತಂದು ಮಲಗುವ ಕೋಣೆಯನ್ನು ಪೂರ್ವಕ್ಕೆ ಸರಿಸಲು ಜಾಗ ಇದೆಯಾ ನೋಡೋಣ. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಪಾಯ ಹಾಕುವ ಮುಂಚೆ ಆಗಬೇಕು ಅಷ್ಟೇ.